ಅಂಕಿತ ಮತ್ತು ಅಸ್ಮಿತೆ: ಶರಣರ ಹೆಸರುಗಳ ಒಂದು ಪರಿಶೀಲನೆ

ವ್ಯಕ್ತಿಯ ಅಸ್ಮಿತೆಯು ಅವನೊಳಗಿನಿಂದಷ್ಟೇ ರೂಪುಗೊಳ್ಳುವುದಿಲ್ಲ; ಸಮಾಜವು ಅವನಿಗೊಂದು ಗುರುತನ್ನು ಮೊದಲೇ ಸಿದ್ಧಪಡಿಸಿರುತ್ತದೆ. 12ನೆಯ ಶತಮಾನದ ಶರಣರ ಹೆಸರುಗಳು ಇದಕ್ಕೆ ನಿದರ್ಶನ. ಮಡಿವಾಳ ಮಾಚಿದೇವ, ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ - ಇಲ್ಲೆಲ್ಲ ಕುಲವೋ ಕಾಯಕವೋ ಹೆಸರಿನೊಡನೆ ಬೆಸೆದುಕೊಂಡಿದೆ. ಶರಣರೇ ಹೆಮ್ಮೆಯಿಂದ ಧರಿಸಿದ ಗುರುತು ಇದೆಂದು ಹೇಳುವುದು ವಾಡಿಕೆ. ಆದರೆ ವಚನಗಳ ಬಹುಭಾಗ ದೊರೆತಿರುವುದು 15ನೆಯ ಶತಮಾನ ಹಾಗೂ ಅನಂತರದ ಸಂಕಲನಗಳ ಮೂಲಕ. ಈ ವಿಶೇಷಣಗಳಲ್ಲಿ ಕೆಲವು ಸಂಕಲನಕಾರರವೂ ಆಗಿರಬಹುದು. ಅಂಕಿತದ ಸಂಗತಿ ಬೇರೆ. ಅದು ವಚನದ ಒಡಲಿನಲ್ಲಿಯೇ ಇರುವಂಥದು.

ಈ ದೃಷ್ಟಿಯಿಂದ ಅಂಬಿಗರ ಚೌಡಯ್ಯ ಮುಖ್ಯನಾಗುತ್ತಾನೆ. ಬಸವಣ್ಣ, ಅಲ್ಲಮ, ಅಕ್ಕ ಮೊದಲಾದವರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಚೌಡಯ್ಯ ಆ ಸ್ಥಾನದಲ್ಲಿ ತನ್ನ ಹೆಸರನ್ನೇ, ಅದೂ ದೋಣಿ ನಡೆಸುವ ವೃತ್ತಿಯೊಡನೆ, ಇರಿಸುತ್ತಾನೆ. ಸಮಾಜ ಕೊಟ್ಟ ಗುರುತು ಇಲ್ಲಿ ಮಾತಿನ ಅಧಿಕಾರವಾಗಿ ಮಾರ್ಪಟ್ಟಿದೆ. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಆಸೆಯನ್ನು ವಚನದಲ್ಲಿ ನೇರವಾಗಿ ಪ್ರಶ್ನಿಸುವವಳು ಅವಳೇ ಆದರೂ, ಅಂಕಿತ ಮಾತ್ರ ಅವನ ಹೆಸರಿಲ್ಲದೆ ಪೂರ್ಣವಾಗದು. ಸೂಳೆ ಸಂಕವ್ವೆಯದು ಇನ್ನೂ ತೀಕ್ಷ್ಣ. ದೊರೆತಿರುವುದು ಒಂದೇ ವಚನ. ಅದರ ಅಂಕಿತ ‘ನಿರ್ಲಜ್ಜೇಶ್ವರ’. ತನ್ನ ಮೇಲೆ ಹೊರಿಸಿದ ಲಜ್ಜೆಯನ್ನು ಆಕೆ ದೈವದ ಹೆಸರಿನಲ್ಲಿಯೇ ನಿರಾಕರಿಸಿದ್ದಾಳೆ. ಆದರೂ ಮುದ್ರಿತ ಸಂಪುಟಗಳು ಅವಳನ್ನು ಗುರುತಿಸುವುದು ಆ ಹಳೆಯ ವೃತ್ತಿನಾಮದಿಂದಲೇ.