ಬೆಳಕು ಹಿಡಿದು ಕಲಿಯುವ ಕಸುಬು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಫೋಟೋಗ್ರಫಿ ಕಲಿಯುವುದೆಂದರೆ ಬಹುಪಾಲು ಒಂದು ಸ್ಟುಡಿಯೊ ಸೇರಿಕೊಳ್ಳುವುದು. ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಬ್ಯಾಟರಿಗಳನ್ನು ಚಾರ್ಜಿಗೆ ಹಾಕಬೇಕು. ಪಾಸ್‌ಪೋರ್ಟ್ ಸೈಜ್ ಫೋಟೊಕ್ಕೆ ಬಂದ ಶಾಲಾ ಮಕ್ಕಳ ಕಾಲರ್ ಸರಿಮಾಡಿ ಕೂರಿಸಬೇಕು. ಲಗ್ನದ ದಿನಗಳು ಬಂದರೆ ಲೈಟ್ ಹಿಡಿಯಬೇಕು. ತಿಂಗಳುಗಟ್ಟಲೆ ಕ್ಯಾಮೆರಾ ಕೈಗೇ ಸಿಗದಿರಬಹುದು. ಆದರೆ ಈ ಕಸುಬಿನ ಅಸಲಿ ಪಾಠ ಆಗುವುದೇ ಆ ತಿಂಗಳುಗಳಲ್ಲಿ ಎಂಬುದು ನನ್ನ ನಂಬಿಕೆ. ಲೈಟನ್ನು ಒಂದು ಗೇಣು ಮೇಲೆತ್ತಿದರೆ ಮೂಗಿನ ನೆರಳು ತುಟಿಯತ್ತ ಇಳಿಯುತ್ತದೆ, ಪಕ್ಕಕ್ಕೆ ಸರಿದರೆ ಕೆನ್ನೆಗೆ ಹೋಗುತ್ತದೆ. ಇದು ಕೈಗೆ ಹತ್ತಿದವರಿಗೆ ಮುಂದೆ ಕ್ಯಾಮೆರಾದ ಗುಂಡಿಗಳು ದೊಡ್ಡ ವಿಷಯವಲ್ಲ.

ಕ್ಯಾಮೆರಾ ಕೈಗೆ ಬಂದಾಗ ಮೊದಲು ಎದುರಾಗುವ ತೊಡಕು ಬಿಳಿ ಪಂಚೆಯದು. ಕ್ಯಾಮೆರಾದೊಳಗಿನ ಮೀಟರ್ ಎದುರಿಗಿದ್ದುದನ್ನೆಲ್ಲ ನಡುಮಟ್ಟದ ಬೂದು ಬಣ್ಣವೆಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಒಗೆದು ನೀಲಿ ಹಾಕಿದ ಪಂಚೆಯೂ ಮಾಸಿದಂತೆ ಬರುತ್ತದೆ, ಕುರಿಗಾಹಿಯ ಕರಿ ಕಂಬಳಿಯೂ ಬೂದಿ ಬಳಿದಂತೆ ಕಾಣುತ್ತದೆ. ಬಿಳಿಗೆ ಒಂದು ಸ್ಟಾಪ್ ಹೆಚ್ಚು, ಕಪ್ಪಿಗೆ ಒಂದು ಸ್ಟಾಪ್ ಕಡಿಮೆ ಬೆಳಕು ಕೊಡಬೇಕೆಂದು ಕಣ್ಣೇ ಹೇಳುವ ತನಕ ಅಭ್ಯಾಸ ನಡೆಯುತ್ತದೆ.

ಚನ್ನಗಿರಿ ಕಡೆಯ ಅಡಿಕೆ ಕಾಲ ಇದಕ್ಕಿಂತ ದೊಡ್ಡ ಶಾಲೆ. ಸುಲಿದ ಹಸಿ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸುವಾಗ ಹಂಡೆಯಿಂದ ಹಬೆ ಏಳುತ್ತದಲ್ಲ, ಅದನ್ನು ತೆಗೆಯುವುದು ಸುಲಭವಲ್ಲ. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಹಬೆ ಫೋಟೊದಲ್ಲಿ ಇದ್ದೂ ಇಲ್ಲದಂತೆ. ಹಬೆಯ ಸಣ್ಣ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದುರಿಸುತ್ತವೆ. ಅದಕ್ಕೇ ಹಬೆಯ ಆಚೆಗೆ ಇಳಿಬಿಸಿಲು, ಅದರ ಹಿಂದೆ ತೋಟದ ಕಪ್ಪು ನೆರಳು ಇರುವ ಜಾಗ ಹುಡುಕಿ ನಿಲ್ಲಬೇಕು. ಆಗ ಹಬೆ ಎಳೆ ಎಳೆಯಾಗಿ ಕಾಣುತ್ತದೆ. ಆದರೆ ಅಡಿಕೆ ತೆಗೆಯುತ್ತಿರುವವರ ಮುಖ ಕತ್ತಲಿಗೆ ಬೀಳುತ್ತದೆ. ಜೊತೆಗಿದ್ದವರೊಬ್ಬರು ಬಿಳಿ ಥರ್ಮೋಕೋಲ್ ಹಾಳೆ ಹಿಡಿದು ಬಿಸಿಲನ್ನು ಮುಖಕ್ಕೆ ತಿರುಗಿಸಿದರೆ ಎರಡೂ ಉಳಿಯುತ್ತವೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತಮ್ಮ ಬದುಕಿನ ಬಹುಭಾಗ ಜನಸಾಮಾನ್ಯರ ದಿನಚರಿಯನ್ನೇ ಚಿತ್ರಿಸಿದವರು. ಒಲೆಯ ಮುಂದಿನ ಬೆವರಿನ ಮುಖ ಎಷ್ಟು ದೊಡ್ಡ ವಿಷಯವೆಂದು ತಿಳಿಯಲು ಅವರ ಚಿತ್ರಗಳನ್ನು ನೋಡಬೇಕು.

ಚನ್ನಗಿರಿ ತಾಲ್ಲೂಕಿನದೇ ಸಂತೆಬೆನ್ನೂರಿನ ಪುಷ್ಕರಣಿಗೆ ಮದುವೆ ಗೊತ್ತಾದ ಜೋಡಿಗಳನ್ನು ಕರೆದೊಯ್ಯುವ ರೂಢಿ ಈಗ ಹೆಚ್ಚು. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಆ ಹೊಂಡದ ನಡುವಿನ ಮಂಟಪ ನೀರಿನಲ್ಲಿಯೂ ಕಾಣಬೇಕೆಂದರೆ ಗಾಳಿ ಏಳುವ ಮೊದಲೇ, ಬೆಳ್ಳಂಬೆಳಿಗ್ಗೆ ಹೋಗಬೇಕು. ಪೋಲರೈಸರ್ ಫಿಲ್ಟರ್ ಹಾಕಿದ್ದರೆ ಬಿಚ್ಚಿಡಬೇಕು, ಪ್ರತಿಬಿಂಬವನ್ನೇ ಅದು ನುಂಗಿಬಿಡಬಹುದು.

ಫೆಬ್ರುವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಗೆ ಲಂಬಾಣಿ ಜನ ಸೇರುತ್ತಾರೆ. ಕನ್ನಡಿ ಹೊಲಿದ ಆ ಉಡುಗೆಯನ್ನು ನಡು ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಒಂದೊಂದು ಕನ್ನಡಿಯೂ ಸುಟ್ಟ ಬಿಳಿ ಚುಕ್ಕೆಯಾಗುತ್ತದೆ, ಮೀಟರ್ ಮೋಸಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಮರದ ನೆರಳಿಗೆ ಕರೆದರೆ ಅದೇ ಕನ್ನಡಿಗಳಲ್ಲಿ ಆಕಾಶ ಮೂಡಿ, ಕಸೂತಿಯ ದಾರ ದಾರವೂ ಕಾಣುತ್ತದೆ. ಕರೆಯುವ ಮುಂಚೆ 'ಅವ್ವಾ, ಒಂದು ಫೋಟೊ ತೆಗೀಲಾ?' ಎಂದು ಕೇಳುವುದೂ ಈ ಕಸುಬಿನ ಭಾಗವೇ.

ಜಗಳೂರಿನ ಬಯಲಲ್ಲಿ ಮುಖ್ಯವಾಗಿ ಕಲಿಯುವುದು ತಾಳ್ಮೆ. ಅಲ್ಲಿನ ರಂಗಯ್ಯನದುರ್ಗ ಅಭಯಾರಣ್ಯ ಕೊಂಡುಕುರಿಯ ನೆಲೆ. ಗಂಡಿಗೆ ನಾಲ್ಕು ಕೊಂಬು, ಮಹಾ ಸಂಕೋಚದ ಪ್ರಾಣಿ. ಅದು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆಂದು ತಿಳಿದವರು ಅದರ ದಾರಿಯನ್ನು ಊಹಿಸಬಲ್ಲರು. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದರೂ ಬರಿಗೈಯಲ್ಲಿ ಮರಳುವ ದಿನಗಳೇ ಹೆಚ್ಚು. ಬೆನ್ನಟ್ಟದೆ ಮರಳುವವರ ಬಗ್ಗೆ ನನಗೆ ಗೌರವ.

ಇಷ್ಟೆಲ್ಲ ಕಲಿತರೂ ನಿಜವಾದ ಪರೀಕ್ಷೆ ಮದುವೆ ಮನೆಯಲ್ಲಿ, ಮಾಂಗಲ್ಯಧಾರಣೆಯ ಗಳಿಗೆಯಲ್ಲಿ. ಹೊನ್ನಾಳಿಯ ಯಾವುದೇ ಕಲ್ಯಾಣ ಮಂಟಪದಲ್ಲಿ ನೋಡಿ, ನುರಿತವರು ಆಗ ಕಿವಿಯಿಂದ ಕೆಲಸ ಮಾಡುತ್ತಾರೆ. ವಾಲಗದ ಗತಿ ಬದಲಾಗಿ ಗಟ್ಟಿಮೇಳ ಶುರುವಾಯಿತೆಂದರೆ ಕೆಲವೇ ಕ್ಷಣ. ಮದುಮಗನ ಕೈ, ಮದುಮಗಳ ಕೊರಳು, ಇಬ್ಬರ ಮುಖ ಒಟ್ಟಿಗೆ ಕಾಣುವ ಮೂಲೆಯಲ್ಲಿ ಅವರು ಮೊದಲೇ ನಿಂತಿರುತ್ತಾರೆ. ಅಷ್ಟರಲ್ಲಿ ಅಕ್ಷತೆ ಬೀಳುತ್ತದೆ. ಫ್ಲಾಶ್ ಕ್ಯಾಮೆರಾದ ನೆತ್ತಿಯ ಮೇಲಿದ್ದರೆ ಲೆನ್ಸಿಗೆ ಹತ್ತಿರದ ಅಕ್ಕಿಕಾಳುಗಳು ಬಿಳಿ ಉಂಡೆಗಳಾಗಿ ಮುಖಗಳನ್ನೇ ಮುಚ್ಚುತ್ತವೆ. ಅದಕ್ಕೆ ಲೈಟು ದೂರದಲ್ಲಿ, ಪಕ್ಕದಿಂದ ಬೀಳಬೇಕು. ಅದನ್ನು ಕೈ ಮೇಲೆತ್ತಿ ಹಿಡಿದು ನಿಂತವರೇ ನಮ್ಮ ವಿದ್ಯಾರ್ಥಿ. ಆ ಕೈ ಅಲುಗದಿದ್ದರೆ ಬೀಳುವ ಕಾಳುಗಳ ನಡುವೆ ತಾಳಿಯ ದಾರವೂ, ಮದುಮಗಳ ರೆಪ್ಪೆಯ ತೇವವೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ. ಈ ಗಳಿಗೆಯನ್ನು ಮತ್ತೊಮ್ಮೆ ಮಾಡಿ ಎಂದು ಕೇಳುವ ಹಾಗಿಲ್ಲ.

ಮುಂದಿನ ಮದುವೆಯಲ್ಲಿ ಗಟ್ಟಿಮೇಳ ಕೇಳಿ ಮೊಬೈಲ್ ಎತ್ತಿಕೊಂಡು ಏಳುವಾಗ ದಯವಿಟ್ಟು ಒಮ್ಮೆ ಹಿಂತಿರುಗಿ ನೋಡಿ. ಲೈಟ್ ಹಿಡಿದವರಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.