ಸಾಯದೆ ಉಳಿದ ಮುದಿ ಕೋಶಗಳು
1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಮನುಷ್ಯನ ಜೀವಕೋಶಗಳನ್ನು ಸೀಸೆಗಳಲ್ಲಿ ಬೆಳೆಸುತ್ತಿದ್ದರು. ಸುಮಾರು 50 ಸಲ ವಿಭಜನೆಯಾದ ಮೇಲೆ ಕೋಶಗಳು ಅಲ್ಲಿಗೇ ನಿಂತವು. ಆದರೆ ಸಾಯಲಿಲ್ಲ. ಇಂಥ ಮುದಿ ಕೋಶಗಳು ಸುಮ್ಮನೆ ಕೂರುವುದಿಲ್ಲ, ಆರದೆ ಹೊಗೆಯಾಡುವ ಕೊಳ್ಳಿಯ ಹಾಗೆ ಸುತ್ತಲೂ ಉರಿಯೂತದ ರಾಸಾಯನಿಕಗಳನ್ನು ಸೂಸುತ್ತವೆ ಎಂಬುದು ತಿಳಿಯಲು ದಶಕಗಳೇ ಹಿಡಿದವು.

ಮಿದುಳಿನ ವಿಷಯ ಇನ್ನೂ ತೊಡಕಿನದು. ವಿಭಜನೆ ನಿಲ್ಲುವುದೇ ಮುದಿತನದ ಗುರುತು ಎನ್ನೋಣವೆಂದರೆ ಬಲಿತ ನರಕೋಶ ವಿಭಜನೆಯಾಗುವುದೇ ಇಲ್ಲ! ಜೊತೆಗೆ ಇನ್ನೊಂದು ಪ್ರಶ್ನೆ: ಆಲ್‌ಝೈಮರ್ಸ್ ರೋಗಿಯ ಮಿದುಳಿನಲ್ಲಿ ಮುದಿ ಕೋಶಗಳು ಕಂಡವು ಎಂದಿಟ್ಟುಕೊಳ್ಳಿ, ಅವು ರೋಗವನ್ನು ತಂದವೋ, ರೋಗವೇ ಅವನ್ನು ತಂದಿತೋ? ನೋಡಿದಷ್ಟರಿಂದ ಇದು ಬಗೆಹರಿಯುವುದಿಲ್ಲ, ತೆಗೆದು ನೋಡಬೇಕು.

ತೆಗೆಯುವ ದಾರಿಯನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ಡ್ಯಾರೆನ್ ಬೇಕರ್, ಯಾನ್ ವಾನ್ ಡ್ಯೂರ್ಸನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಮುದಿ ಕೋಶಗಳಲ್ಲಿ ಪಿ16 ಎಂಬ ಜೀನ್ ಚುರುಕಾಗಿರುತ್ತದೆ. ಒಂದು ಔಷಧ ಕೊಟ್ಟರೆ ಆ ಜೀನ್ ಚುರುಕಾಗಿರುವ ಕೋಶಗಳು ಮಾತ್ರ ಸಾಯುವಂತೆ ಅವರು ಇಲಿಗಳ ತಳಿಯನ್ನೇ ಮಾರ್ಪಡಿಸಿದರು. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವ ಹೆಜ್ಜೆ ಇದು.

2018ರಲ್ಲಿ ಬೇಕರ್ ತಂಡ ಅದೇ ಉಪಾಯವನ್ನು ಮಿದುಳಿಗೆ ತಂದಿತು. ಆಲ್‌ಝೈಮರ್ಸ್‌ನಲ್ಲಿ ನರಕೋಶಗಳೊಳಗೆ ಟಾವ್ ಎಂಬ ಪ್ರೋಟೀನ್ ಗಂಟುಗಟ್ಟುತ್ತದೆ. ಅಂಥ ಗಂಟು ಕಟ್ಟುವ ಇಲಿಗಳಲ್ಲಿ ಹುಡುಕಿದಾಗ ಮುದಿಯಾಗಿದ್ದುದು ನರಕೋಶಗಳಲ್ಲ, ಅವನ್ನು ಪೋಷಿಸಿ ಕಾಯುವ ಆಸ್ಟ್ರೋಸೈಟ್ ಮತ್ತು ಮೈಕ್ರೋಗ್ಲಿಯಾ ಕೋಶಗಳು. ಈ ಮುದಿ ಕೋಶಗಳನ್ನು ಹುಟ್ಟಿಕೊಂಡಂತೆಲ್ಲ ನಾಶಮಾಡುತ್ತ ಬಂದಾಗ ಗಂಟು ಕಟ್ಟುವುದು ತಪ್ಪಿತು, ನರಕೋಶಗಳು ಉಳಿದವು, ನೆನಪೂ ಉಳಿಯಿತು. ಇಲಿಯ ಮಟ್ಟಿಗೆ ಉತ್ತರ ಸಿಕ್ಕಿತು: ಮುದಿ ಕೋಶಗಳಿಗೂ ರೋಗದಲ್ಲಿ ಕೈಯಿದೆ.

ಆದರೆ ಅದೇ ವರ್ಷ ಮಿರಾಂಡಾ ಆರ್ ಮತ್ತು ಸಂಗಡಿಗರು, ಟಾವ್ ಗಂಟು ಕಟ್ಟಿದ ನರಕೋಶಗಳಲ್ಲೂ ಮುದಿತನದ ಲಕ್ಷಣಗಳನ್ನು ಕಂಡರು. ಮುಂದಿನ ವರ್ಷ ಮಾರ್ಕ್ ಮ್ಯಾಟ್ಸನ್ ಅವರ ತಂಡಕ್ಕೆ ಆಲ್‌ಝೈಮರ್ಸ್‌ನಲ್ಲಿ ಕಾಣುವ ಅಮಿಲಾಯ್ಡ್ ಎಂಬ ಇನ್ನೊಂದು ಪ್ರೋಟೀನಿನ ಗಡ್ಡೆಗಳ ಸುತ್ತ ಇನ್ನೊಂದು ಬಗೆಯ ಮುದಿ ಕೋಶ ಸಿಕ್ಕಿತು.

ಆಲ್‌ಝೈಮರ್ಸ್ ರೋಗಿಗಳಲ್ಲಿ ಪರೀಕ್ಷೆ ಇನ್ನೂ ಆರಂಭದ ಹಂತದಲ್ಲಿದೆ. ಮುದಿ ಕೋಶಗಳನ್ನು ಕೊಲ್ಲಬಲ್ಲ ಜೋಡಿ ಔಷಧ, ರಕ್ತದ ಕ್ಯಾನ್ಸರಿಗೆ ಕೊಡುವ ಡಸಾಟಿನಿಬ್ ಮತ್ತು ಈರುಳ್ಳಿಯಲ್ಲೂ ಇರುವ ಕ್ವೆರ್ಸೆಟಿನ್. 2023ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಇದನ್ನು ಪೂರ್ತಿ ಪಡೆದವರು ಐದೇ ಜನ. ಔಷಧ ಮಿದುಳಿನವರೆಗೆ ತಲುಪುತ್ತದೆಯೇ ಎಂದು ನೋಡಿದಾಗ ನಾಲ್ವರ ಮಿದುಳುಬಳ್ಳಿಯ ದ್ರವದಲ್ಲಿ ಡಸಾಟಿನಿಬ್ ಸಿಕ್ಕಿತು, ಕ್ವೆರ್ಸೆಟಿನ್ ಯಾರಲ್ಲೂ ಸಿಗಲಿಲ್ಲ. ನೆನಪು ಮರಳುತ್ತದೆಂದು ಈ ಪ್ರಯೋಗ ಹೇಳುವುದಿಲ್ಲ. ಮನೆಯಲ್ಲಿ ಮರೆವಿನ ಹಿರಿಯರಿದ್ದರೆ ಅಂಗಡಿಯ ಕ್ವೆರ್ಸೆಟಿನ್ ಮಾತ್ರೆಗೆ ಹಣ ಸುರಿಯಬೇಡಿ, ಅವರನ್ನು ಮೊದಲು ನರರೋಗ ತಜ್ಞರಿಗೆ ತೋರಿಸಿ.