ಕುರಿಯೋ ನಾಯಿಯೋ? ಕಾಳಷ್ಟು ಮಾಂಸ ಸಾಕು

ಪೋತ್ನಾಳ ಸುತ್ತಿನ ಒಣಬೇಸಾಯದವರಿಗೆ ಹತ್ತು ಕುರಿ ಅಂದರೆ ಕೂಡಿಟ್ಟ ರೊಕ್ಕ ಇದ್ದಂಗೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸೋದು ಅವೇ. ಆದರೆ ಮಾಂಸದ ಮೇಲೆ ಒಂದು ಸುಳ್ಳುಸುದ್ದಿ ಹಬ್ಬಿದರೆ ಪೆಟ್ಟು ಬೀಳೋದು ಸಾಕಿದವನಿಗೆ.

2024ರ ಜುಲೈನಲ್ಲಿ ಬೆಂಗಳೂರಿನಲ್ಲಿ ಹಂಗೇ ಆಯಿತು. ರಾಜಸ್ಥಾನದಿಂದ ರೈಲಿನಲ್ಲಿ ಬಂದ ಮಾಂಸ ನಾಯಿಯದು ಎಂದು ಗುಲ್ಲೆದ್ದಿತು. ಆಹಾರ ಸುರಕ್ಷತಾ ಇಲಾಖೆಯವರು ಮಾದರಿ ತೆಗೆದು ಹೈದರಾಬಾದಿನ ಮಾಂಸ ಸಂಶೋಧನಾ ಸಂಸ್ಥೆಗೆ ಕಳಿಸಿದರು. ನಾಯಿಯದಲ್ಲ ಎಂದು ವರದಿ ಬಂತು. ಗುಲ್ಲು ಅಡಗಿಸಿದ್ದು ಡಿಎನ್‌ಎ ಪರೀಕ್ಷೆ.

ಹೇಗೆ ಗೊತ್ತಾಗುತ್ತದೆ?

ತಲೆ, ಕಾಲು, ಚರ್ಮ ತೆಗೆದ ಮೇಲೆ ಕಣ್ಣಿಗೆ ಗುರುತು ಸಿಗಲ್ಲ. ಆದರೆ ಮಾಂಸದ ಕಣಕಣದಲ್ಲೂ ಡಿಎನ್‌ಎ ಎಂಬ ವಂಶದ ಬರಹ ಇರುತ್ತದೆ. ಕುರಿಯದು ಬೇರೆ, ಮೇಕೆಯದು ಬೇರೆ, ಎಮ್ಮೆಯದು ಬೇರೆ. ಶೇಂಗಾ ಕಾಳಿನಷ್ಟು ಮಾಂಸದಿಂದ ಅದನ್ನು ಬಿಡಿಸಿ, ಗುರುತಿನ ಒಂದು ತುಂಡನ್ನು ಯಂತ್ರದಲ್ಲಿ ಲಕ್ಷಗಟ್ಟಲೆ ನಕಲು ಮಾಡುತ್ತಾರೆ. ಆಮೇಲೆ ಗೊತ್ತಿರುವ ಪ್ರಾಣಿಗಳ ಬರಹದ ಜೊತೆ ತಾಳೆ ನೋಡುತ್ತಾರೆ.

ಬೇಯಿಸಿದ ಮಾಂಸವಾದರೂ ಬಹಳ ಸಲ ಗುರುತು ಸಿಗುತ್ತದೆ. ಬಿಸಿಗೆ ಡಿಎನ್‌ಎ ಚೂರಾಗುತ್ತದೆ, ಓದಲಿಕ್ಕೆ ಚೂರೇ ಸಾಕು. 2013ರಲ್ಲಿ ಐರ್ಲೆಂಡಿನಲ್ಲಿ ದನದ ಮಾಂಸ ಎಂದು ಮಾರಿದ ತಿನಿಸಿನಲ್ಲಿ ಕುದುರೆ ಮಾಂಸ ಬೆರೆತದ್ದು ಬಯಲಾದದ್ದೂ ಹೀಗೆಯೇ.

ಏನು ಹೇಳಲ್ಲ?

ಈ ಪರೀಕ್ಷೆ ಜಾತಿ ಅಷ್ಟೇ ಹೇಳುತ್ತದೆ. ಡೆಕ್ಕನಿ ಕುರಿಯೋ ಬಳ್ಳಾರಿ ಕುರಿಯೋ, ಮಾಂಸ ತಾಜಾವೋ ಹಳಸಿದ್ದೋ, ರೋಗದ್ದೋ ಎಂಬುದು ಇದರಲ್ಲಿ ತಿಳಿಯಲ್ಲ. ಅದಕ್ಕೆ ಬೇರೆ ಪರೀಕ್ಷೆಗಳಿವೆ.

ಮಾದರಿ ಕೆಟ್ಟರೆ ವರದಿಯೂ ಕೆಟ್ಟಂತೆ

* ಒಂದೇ ಚಾಕು, ಒಂದೇ ಹಲಗೆಯಲ್ಲಿ ಬೇರೆ ಪ್ರಾಣಿಯ ಮಾಂಸ ಕತ್ತರಿಸಿದ್ದರೆ ಅದರ ಅಂಶವೂ ಅಂಟಿರುತ್ತದೆ. ಮಾದರಿಗೆ ಬೇರೆ ಚಾಕು ಬೇಕು.
* ಮಾದರಿ ತಂಪಿನಲ್ಲಿರಬೇಕು. ಫಾರ್ಮಲಿನ್‌ನಲ್ಲಿ ಹಾಕಬಾರದು, ಅದು ಡಿಎನ್‌ಎ ಕೆಡಿಸುತ್ತದೆ.
* ನಿಮ್ಮ ಎದುರಿಗೇ ಮೊಹರು ಹಾಕಿಸಿ.

2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಪಾಲು ಮಾಡುತ್ತಾರೆ. ಒಂದು ಪಾಲನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿರೆಂದು ಮಾರುವವನು ಕೇಳಬಹುದು, ಖರ್ಚು ಅವನದು. ಕುರಿ ಸಾಕಿ ಮಾಂಸವನ್ನೂ ಮಾರುವವರು ಈ ಮಾತು ನೆನಪಿಡಿ. ಗುಲ್ಲೆದ್ದ ದಿನ ಜಗಳಕ್ಕೆ ಹೋಗಬೇಡಿ, ಆ ಪಾಲು ಕೇಳಿ.